ಎಚ್‌ಐವಿಯ ಎಆರ್‌ಟಿ ಮಾತ್ರೆ ಬಿಡದೆ, ಹೊಟ್ಟೆಯಲ್ಲಿರುವ ಮಗುವಿನ ಹೃದಯ ನೋಡಿಕೊಳ್ಳುವುದು ಹೇಗೆ?

2011ರಲ್ಲಿ ನನ್ನ ಮೊದಲ ಬಸಿರು. 20ನೇ ವಾರದ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂತು. ಎಲ್ಲಾ ಸರಿ ಇದೆ ಅಂತ ಓದುತ್ತಾ ಹೋದವಳಿಗೆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಮಗುವಿನ ಹೃದಯದ ಎಡ ಕೆಳಕೋಣೆಯಲ್ಲಿ ಒಂದು ಬಿಳಿ ಚುಕ್ಕೆ. ಸ್ಕ್ಯಾನ್ ಮಾಡಿದವರನ್ನು ಕೇಳಿದೆ. "ನಿಮ್ಮ ಡಾಕ್ಟರಿಗೆ ತೋರಿಸಿ" ಅಂದರು, ಅಷ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ದಿನಕ್ಕೆ ಎರಡು ಸಲ ನುಂಗುತ್ತಿದ್ದ ಎಚ್‌ಐವಿ ಮಾತ್ರೆಯೇ ಮಗುವಿನ ಹೃದಯ ಕೆಡಿಸಿದೆ ಅಂತ ನಂಬಿಬಿಟ್ಟೆ. ಬೆಳಿಗ್ಗೆಯಿಂದಲೇ ಮಾತ್ರೆ ನಿಲ್ಲಿಸಿದೆ. ಒಂಬತ್ತು ದಿನ ಯಾರಿಗೂ ಹೇಳಲಿಲ್ಲ.

ಎಆರ್‌ಟಿ ಸೆಂಟರಿಗೆ ಹೋದಾಗ ಕೌನ್ಸಿಲರ್ ಡಬ್ಬಿ ಬಗ್ಗಿಸಿ ಮಾತ್ರೆ ಎಣಿಸಿದರು. "18 ಮಾತ್ರೆ ಜಾಸ್ತಿ ಉಳಿದಿದೆಯಲ್ಲಮ್ಮ, ಏನಾಯ್ತು?" ಅಂದರು. ಬೈಯಲಿಲ್ಲ. ಅಳುತ್ತಲೇ ರಿಪೋರ್ಟ್ ಕೊಟ್ಟೆ. ಅವರು ನನ್ನನ್ನು ನೇರವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಂಥ ಚುಕ್ಕೆ 100 ಗರ್ಭಿಣಿಯರ ಸ್ಕ್ಯಾನಿನಲ್ಲಿ ಮೂರು ನಾಲ್ಕು ಜನರಿಗಾದರೂ ಕಾಣುತ್ತದಂತೆ. ಹೃದಯದ ಕವಾಟ ಹಿಡಿದಿರುವ ಸಣ್ಣ ಸ್ನಾಯುವಿನಲ್ಲಿ ಚೂರು ಕ್ಯಾಲ್ಸಿಯಂ ಕೂತಿರುತ್ತದೆ, ಸ್ಕ್ಯಾನಿನಲ್ಲಿ ಅದು ಹೊಳೆಯುತ್ತದೆ. ಬೇರೆ ಏನೂ ತೊಂದರೆ ಕಾಣದೆ ಚುಕ್ಕೆ ಒಂದೇ ಇದ್ದರೆ ಹೃದಯದ ಕೆಲಸಕ್ಕೆ ಅದರಿಂದ ಏನೂ ಆಗುವುದಿಲ್ಲ. ಎಚ್‌ಐವಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಾನು ಬಿಟ್ಟ ಒಂಬತ್ತು ದಿನದ ಮಾತ್ರೆಯಿಂದ ಮಗುವಿಗೆ ನಿಜವಾಗಿಯೂ ಅಪಾಯ ಇತ್ತು.

ಆ ಮಗಳು ಚೆನ್ನಾಗಿದ್ದಾಳೆ, ಅವಳಿಗೆ ಎಚ್‌ಐವಿ ಬರಲಿಲ್ಲ. ಈಗ ನಾನೇ ಕೌನ್ಸಿಲರ್. ನನ್ನ ಹಾಗೆ ಎಚ್‌ಐವಿ ಇರುವ ಗರ್ಭಿಣಿಯರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. "ಅಕ್ಕಾ, ಈ ಮಾತ್ರೆಯಿಂದ ಮಗುವಿನ ಹಾರ್ಟಿಗೆ ಏನಾದರೂ ಆಗುತ್ತಾ?" ಅನ್ನುವುದು ಅವರು ತುಂಬಾ ಕೇಳುವ ಪ್ರಶ್ನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಬಿಡಬೇಡಿ, ಹೃದಯವನ್ನು ತೋರಿಸಿ. ಈ ಎರಡೂ ಜೊತೆಯಲ್ಲೇ ಆಗಬೇಕು.

ಮೊದಲು ಭಯದ ಲೆಕ್ಕ ಸರಿ ಮಾಡಿಕೊಳ್ಳಿ

ಯಾವ ಚಿಕಿತ್ಸೆಯೂ ಇಲ್ಲದಿದ್ದರೆ 100 ತಾಯಂದಿರಲ್ಲಿ 15ರಿಂದ 45 ಜನರ ಮಕ್ಕಳಿಗೆ ಎಚ್‌ಐವಿ ದಾಟುತ್ತದೆ. ಗರ್ಭಿಣಿಯಾಗುವ ಮೊದಲೇ ಮಾತ್ರೆ ಶುರುಮಾಡಿ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಲೆಕ್ಕಕ್ಕೆ ಸಿಗದಷ್ಟು ಕೆಳಗಿದ್ದು, ಹೆರಿಗೆಯವರೆಗೂ ಹಾಗೇ ಇದ್ದರೆ, ಹೊಟ್ಟೆಯಲ್ಲಿ ಅಥವಾ ಹೆರಿಗೆಯಲ್ಲಿ ದಾಟುವುದು 100ಕ್ಕೆ ಒಂದಕ್ಕಿಂತಲೂ ಕಡಿಮೆ. ಎಚ್‌ಐವಿ ಬಂದ ಮಗುವಿಗೆ ಚಿಕಿತ್ಸೆ ಸಿಗದೆ ಹೋದರೆ ಹೃದಯದ ಸ್ನಾಯುವೇ ಸೊರಗಬಹುದು. ಹಾಗಾಗಿ ನಿಮ್ಮ ಮಾತ್ರೆ ಮಗುವಿನ ಹೃದಯವನ್ನೂ ಕಾಯುತ್ತಿದೆ.

ಇನ್ನೊಂದು ವಿಷಯ. ಎಚ್‌ಐವಿ ಇರಲಿ, ಇಲ್ಲದಿರಲಿ, ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8 ರಿಂದ 10 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ನಿಮ್ಮ ಮಗುವಿಗೆ ಅಂಥದ್ದೇನಾದರೂ ಕಂಡರೆ ಅದು ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಕಾರಣವೇ ಗೊತ್ತಾಗುವುದಿಲ್ಲ.

ಹಾಗಾದರೆ ಮಾತ್ರೆಯ ಬಗ್ಗೆ ಕೇಳಿಬರುವ ಮಾತೆಲ್ಲ ಸುಳ್ಳಾ? ಪೂರ್ತಿ ಸುಳ್ಳಲ್ಲ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಮಾತು ಮುಖ್ಯವಾಗಿ ಜಿಡೋವುಡಿನ್ ಅನ್ನುವ ಹಳೆಯ ಔಷಧದ್ದು. 1994ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಮೂರರಲ್ಲಿ ಎರಡು ಪಾಲು ತಗ್ಗಿಸಿ ತೋರಿಸಿದ್ದು ಇದೇ ಔಷಧ. 2011ರಲ್ಲಿ ನಾನು ನುಂಗುತ್ತಿದ್ದ ಮಾತ್ರೆಯಲ್ಲೂ ಅದು ಇತ್ತು. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಎಂಬ ಸಣ್ಣ ಭಾಗಗಳಿವೆ. ಜಿಡೋವುಡಿನ್ ಅವುಗಳ ಮೇಲೆ ಸ್ವಲ್ಪ ಪರಿಣಾಮ ಮಾಡುತ್ತದೆ. ಒಂದು ಕ್ಷಣವೂ ನಿಲ್ಲದೆ ದುಡಿಯುವ ಹೃದಯದ ಸ್ನಾಯುವಿನಲ್ಲಿ ಇವು ತುಂಬಾ ಇರುತ್ತವೆ. ಹಾಗಾಗಿ ಸಂಶೋಧಕರು ಹೃದಯದ ಕಡೆ ಹೆಚ್ಚು ಗಮನ ಕೊಟ್ಟು ನೋಡಿದರು.

ಫ್ರಾನ್ಸಿನಲ್ಲಿ ಸಾವಿರಾರು ತಾಯಂದಿರ ದಾಖಲೆ ನೋಡಿದಾಗ, ಮೊದಲ ಮೂರು ತಿಂಗಳಲ್ಲಿ ಜಿಡೋವುಡಿನ್ ತೆಗೆದುಕೊಂಡವರ ಮಕ್ಕಳಲ್ಲಿ 1000ಕ್ಕೆ ಸುಮಾರು 15 ಮಕ್ಕಳಿಗೆ ಹೃದಯದ ದೋಷ ಕಂಡಿತು. ಉಳಿದವರಲ್ಲಿ 7-8. ಹೆಚ್ಚಿನವು ಹೃದಯದ ಕೋಣೆಗಳ ನಡುವಿನ ಗೋಡೆಯಲ್ಲಿನ ತೂತು. ಅಂಥ ತೂತು ಚಿಕ್ಕದಾಗಿದ್ದರೆ ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಾರ್ಸಿಲೋನಾದ ಸಂಶೋಧಕರು ಹೊಟ್ಟೆಯಲ್ಲಿರುವಾಗಲೇ ಹೃದಯ ಅಳೆದು ನೋಡಿದರು. ಚಿಕಿತ್ಸೆ ಪಡೆಯುವ ತಾಯಂದಿರ ಮಕ್ಕಳಲ್ಲಿ ಹೃದಯದ ಗೋಡೆ ಸ್ವಲ್ಪ ದಪ್ಪ ಇತ್ತು. ಅಲ್ಲೂ ಜಿಡೋವುಡಿನ್ ಜೊತೆಗೇ ಅದು ಹೆಚ್ಚು ಕಂಡಿತು. ಇನ್ನೊಂದು ಕಡೆ, ಗರ್ಭಿಣಿಯರು ಈ ಔಷಧಗಳನ್ನು ತೆಗೆದುಕೊಂಡಾಗ ಏನಾಗುತ್ತದೆ ಅಂತ 1989ರಿಂದ ಲೆಕ್ಕ ಇಡುತ್ತಿರುವ ಒಂದು ಅಂತರರಾಷ್ಟ್ರೀಯ ದಾಖಲೆ ಇದೆ. ಅದರಲ್ಲಿ ಹುಟ್ಟು ದೋಷಗಳು 100ಕ್ಕೆ ಸುಮಾರು 3. ಉಳಿದ ಎಲ್ಲಾ ಗರ್ಭಿಣಿಯರಲ್ಲಿ ಇರುವಷ್ಟೇ.

ಈಗ ಹೆಚ್ಚಿನವರು ತೆಗೆದುಕೊಳ್ಳುವುದು ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದೇ ಮಾತ್ರೆ. 2018ರಲ್ಲಿ ಡೊಲುಟೆಗ್ರಾವಿರ್ ಬಗ್ಗೆ ಬೋಟ್ಸ್ವಾನಾದಿಂದ ಒಂದು ಎಚ್ಚರಿಕೆಯ ಸುದ್ದಿ ಬಂದಿತ್ತು. ಅದನ್ನು ಕೇಳಿ ಹೆದರಿದವರು ಇಂದಿಗೂ ನನ್ನ ಹತ್ತಿರ ಬರುತ್ತಾರೆ. ಆ ಸುದ್ದಿ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ದೋಷದ್ದು, ಹೃದಯದ್ದಲ್ಲ. ಇನ್ನೂ ಹೆಚ್ಚು ಹೆರಿಗೆಗಳ ಲೆಕ್ಕ ಸೇರಿದ ಮೇಲೆ, 2022ರ ಹೊತ್ತಿಗೆ, ಇದನ್ನು ತೆಗೆದುಕೊಂಡವರಿಗೂ ಉಳಿದವರಿಗೂ ನಡುವೆ ಕಂಡಿದ್ದ ಆ ಅಂತರವೂ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಗರ್ಭಿಣಿಯರಿಗೂ ಇದನ್ನೇ ಮೊದಲ ಆಯ್ಕೆ ಮಾಡಿದೆ.

ನೀವು ಇನ್ನೂ ಜಿಡೋವುಡಿನ್ ಇರುವ ಮಾತ್ರೆಯಲ್ಲೇ ಇದ್ದರೆ "ನನಗೆ ಇದೇ ಬೇಕಾ, ಬದಲಾಯಿಸಬಹುದಾ?" ಅಂತ ಡಾಕ್ಟರನ್ನು ಕೇಳಿ. ಅದು ನಿಮ್ಮ ಹಕ್ಕು. ಆದರೆ ಉತ್ತರ ಸಿಗುವವರೆಗೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ವೈರಲ್ ಲೋಡ್ ಜಾಸ್ತಿ ಇದ್ದಾಗ ಹೆರಿಗೆ ನೋವಿನ ಹೊತ್ತಿಗೆ ಜಿಡೋವುಡಿನ್ ಡ್ರಿಪ್ ಹಾಕುವುದುಂಟು. ಅದನ್ನು ಬೇಡ ಅನ್ನಬೇಡಿ. ಮಗುವಿನ ಹೃದಯ ಆಗಲೇ ಎಷ್ಟೋ ತಿಂಗಳ ಹಿಂದೆ ಕಟ್ಟಿ ಮುಗಿದಿರುತ್ತದೆ.

ಹೃದಯ ಯಾವಾಗ ಕಟ್ಟುತ್ತದೆ

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 6ನೇ ವಾರಕ್ಕೆ ಹೃದಯ ಬಡಿಯಲು ಶುರುವಾಗಿರುತ್ತದೆ. 10ನೇ ವಾರದ ಹೊತ್ತಿಗೆ ನಾಲ್ಕು ಕೋಣೆ, ಕವಾಟ, ದೊಡ್ಡ ರಕ್ತನಾಳ ಎಲ್ಲದರ ರೂಪ ಬಂದಿರುತ್ತದೆ. ಮುಟ್ಟು ನಿಂತಿದೆ ಅಂತ ನಮಗೆ ಗೊತ್ತಾಗಿ, ಟೆಸ್ಟ್ ಮಾಡಿಸಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ, ಅಲ್ವಾ? ಹಾಗಾಗಿ ಮಗು ಬೇಕು ಅನ್ನಿಸಿದ ದಿನವೇ ಎಆರ್‌ಟಿ ಡಾಕ್ಟರಿಗೆ ಹೇಳಿ. ನಾಚಿಕೆ ಬೇಡ. ಎಚ್‌ಐವಿ ಇದ್ದವಳಿಗೆ ಮಗು ಯಾಕೆ ಅಂತ ಯಾರಾದರೂ ಅಂದರೆ ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ.

ಹೇಳಿದರೆ ಏನು ಉಪಯೋಗ? ವೈರಲ್ ಲೋಡ್ ನೋಡುತ್ತಾರೆ. ಮಾತ್ರೆ ಬದಲಾಯಿಸುವುದಿದ್ದರೆ ಬಸಿರಾಗುವ ಮೊದಲೇ ಬದಲಾಯಿಸುತ್ತಾರೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡುತ್ತಾರೆ. ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡುತ್ತಾರೆ. ಬಸಿರಾಗುವಾಗ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಮಗುವಿನ ಹೃದಯಕ್ಕೆ ಇಂದಿನ ಯಾವ ಎಚ್‌ಐವಿ ಮಾತ್ರೆಗಿಂತಲೂ ಅದೇ ದೊಡ್ಡ ಚಿಂತೆ. ಇನ್ನೊಂದು, ರುಬೆಲ್ಲಾ ಅನ್ನುವ ಸೋಂಕು. ಮೊದಲ ಮೂರು ತಿಂಗಳಲ್ಲಿ ಅದು ತಗುಲಿದರೆ ಹೃದಯಕ್ಕೆ ನೇರ ಪೆಟ್ಟು. ಲಸಿಕೆ ಇದೆ, ಆದರೆ ಬಸಿರಿನಲ್ಲಿ ಕೊಡುವಂತಿಲ್ಲ. ಬಸಿರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಬೇಕು. ಸಿಡಿ4 ಎಣಿಕೆ (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) 200ಕ್ಕಿಂತ ಕೆಳಗಿದ್ದರೆ ಅದೂ ಆಗುವುದಿಲ್ಲ, ಹಾಗಾಗಿ ಮೊದಲೇ ಕೇಳಿಕೊಳ್ಳಿ.

ಫಿಟ್ಸ್, ಬಿಪಿ, ಮನಸ್ಸಿನ ಕಾಯಿಲೆ, ಮೊಡವೆ, ಯಾವುದಕ್ಕೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ತೋರಿಸಿ. ವಾಲ್ಪ್ರೊಯೇಟ್, ಲಿಥಿಯಂ, ಐಸೋಟ್ರೆಟಿನಾಯಿನ್‌ನಂಥವು ಮಗುವಿನ ಹೃದಯಕ್ಕೆ ತೊಂದರೆ ಮಾಡಬಲ್ಲವು. ಎಲ್ಲರ ಕಣ್ಣೂ ಎಚ್‌ಐವಿ ಮಾತ್ರೆಯ ಮೇಲೇ ಇರುವುದರಿಂದ ಇವು ತಪ್ಪಿಹೋಗುತ್ತವೆ. ಮದ್ಯ, ಸಿಗರೇಟು ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತು.

ಒಂದು ನೋಟ್‌ಬುಕ್ ಇಡಿ

ಎರಡನೇ ಬಸಿರಿನಲ್ಲಿ, 2021ರಲ್ಲಿ, ನಾನು ಮಾಡಿದ ಒಳ್ಳೆಯ ಕೆಲಸ ಇದು. ಮೊದಲ ಪುಟದಲ್ಲಿ ಕೊನೆಯ ಮುಟ್ಟಿನ ತಾರೀಖು. ಅದರ ಕೆಳಗೆ ಎಚ್‌ಐವಿ ಮಾತ್ರೆಯ ಪೂರ್ತಿ ಹೆಸರು, ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೇನೆ, ಮೊದಲ ಹತ್ತು ವಾರದಲ್ಲಿ ಬೇರೆ ಏನೇನು ಮಾತ್ರೆ ನುಂಗಿದ್ದೇನೆ. ಕೊನೆಯ ವೈರಲ್ ಲೋಡ್, ತಾರೀಖಿನ ಜೊತೆ. ನನ್ನ ಕಡೆ ಅಥವಾ ಗಂಡನ ಕಡೆ ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದವರು ಯಾರಾದರೂ ಇದ್ದಾರಾ. ಡಾಕ್ಟರು ಬದಲಾದರೂ ಈ ಪುಟ ಬದಲಾಗುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಎಲ್ಲಿ ಹೆಚ್ಚು ಹೊತ್ತು ನೋಡಬೇಕು ಅಂತ ಗೊತ್ತಾಗುವುದು ಇದರಿಂದಲೇ.

ಎರಡನೇ ಪುಟದಲ್ಲಿ ಮಾತ್ರೆಯ ಹೊತ್ತು ಬರೆದಿದ್ದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ತುಂಬಾ ಜನ ಇಲ್ಲೇ ಎಡವುತ್ತಾರೆ. ಬಸಿರಿನಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಇವೆರಡೂ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಔಷಧ ರಕ್ತಕ್ಕೆ ಪೂರ್ತಿ ಹೋಗುವುದಿಲ್ಲ. ದಿನವೂ ಹೀಗಾದರೆ ವೈರಲ್ ಲೋಡ್ ಏರಬಹುದು. ನಿಯಮ ಇಷ್ಟೇ: ಡೊಲುಟೆಗ್ರಾವಿರ್ ನುಂಗಿ 2 ಗಂಟೆ ಆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಿ. ಅವನ್ನು ಮೊದಲು ನುಂಗಿದರೆ 6 ಗಂಟೆ ಬಿಟ್ಟು ಡೊಲುಟೆಗ್ರಾವಿರ್. ಊಟದ ಜೊತೆಗಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು. ನಾನು ಬೆಳಿಗ್ಗೆ 8ಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ 2ಕ್ಕೆ ಕಬ್ಬಿಣ, ರಾತ್ರಿ 9ಕ್ಕೆ ಎಚ್‌ಐವಿ ಮಾತ್ರೆ ಇಟ್ಟುಕೊಂಡಿದ್ದೆ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಔಷಧಕ್ಕೂ ಇದೇ 2 ಗಂಟೆ, 6 ಗಂಟೆಯ ಲೆಕ್ಕ. ಆದರೆ ಅದಕ್ಕೆ ಊಟದ ರಿಯಾಯಿತಿ ಇಲ್ಲ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಸುಮ್ನೆ ಇರಬೇಡಿ, ಇನ್ನೊಂದು ನುಂಗಬೇಕಾ ಅಂತ ಸೆಂಟರಿಗೆ ಫೋನ್ ಮಾಡಿ ಕೇಳಿ.

ನೋವಿನ ಮಾತ್ರೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಹೊಟ್ಟೆಯಲ್ಲಿ ಮಗು ಉಸಿರಾಡುವುದಿಲ್ಲ, ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತದೆ. ಹಾಗಾಗಿ ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ಹೋಗದೆ ಒಂದು ಸಣ್ಣ ಅಡ್ಡನಾಳದ ಮೂಲಕ ಮೈಗೆ ಹರಿಯುತ್ತದೆ. ಹುಟ್ಟಿ ಉಸಿರಾಡಿದ ಮೇಲೆ ಆ ನಾಳ ಮುಚ್ಚಿಕೊಳ್ಳಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಏಳನೇ ತಿಂಗಳ ನಂತರ ಆ ನಾಳವನ್ನು ಹೊಟ್ಟೆಯೊಳಗೇ ಮುಚ್ಚಿಸಬಲ್ಲವು. ಆಗ ಹೃದಯದ ಬಲಭಾಗಕ್ಕೆ ತುಂಬಾ ಒತ್ತಡ ಬೀಳುತ್ತದೆ. 20ನೇ ವಾರದಿಂದಲೇ ಇವು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಮಗುವಿನ ಸುತ್ತ ಇರುವ ಗರ್ಭದ ನೀರನ್ನೂ ಕಡಿಮೆ ಮಾಡಬಹುದು. ಸೊಂಟ ನೋವಿಗೆ ಅಂಗಡಿಯಿಂದ ತಂದು ನುಂಗಬೇಡಿ. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಡಾಕ್ಟರನ್ನು ಕೇಳಿ. ಬಿಪಿ ಏರದಿರಲಿ ಅಂತ ಡಾಕ್ಟರೇ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಬೇರೆ, ಅದನ್ನು ನೀವಾಗಿ ನಿಲ್ಲಿಸಬೇಡಿ.

ಸ್ಕ್ಯಾನಿಂಗ್ ದಿನ ಏನು ಕೇಳಬೇಕು

18ರಿಂದ 22ನೇ ವಾರದ ಒಳಗೆ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗಗಳಲ್ಲಿ ದೋಷ ಇದೆಯಾ ಅಂತ ನೋಡುವ ಸ್ಕ್ಯಾನ್ ಮಾಡಿಸಿ. ಎಚ್‌ಐವಿ ಇದೆ ಅಂತ ಇದಕ್ಕೆ ಬೇರೆ ವೇಳಾಪಟ್ಟಿ ಇಲ್ಲ, ಎಲ್ಲಾ ಗರ್ಭಿಣಿಯರಿಗೂ ಇದೇ. ಮಲಗಿದ್ದಾಗಲೇ ನಾಲ್ಕು ಪ್ರಶ್ನೆ ಕೇಳಿ. ಹೃದಯದ ನಾಲ್ಕೂ ಕೋಣೆ ಕಂಡವಾ? ನಡುವಿನ ಗೋಡೆ ಸರಿ ಇದೆಯಾ? ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಒಂದನ್ನೊಂದು ದಾಟಿ ಹೋಗುತ್ತಿವೆಯಾ? ಬಡಿತ ಎಷ್ಟು, ತಾಳ ತಪ್ಪುತ್ತಿದೆಯಾ? ಮೂರನೆಯದನ್ನು ಮರೆಯಬೇಡಿ. ನಾಲ್ಕು ಕೋಣೆ ಚೆನ್ನಾಗಿ ಕಂಡರೂ ನಾಳಗಳು ಅದಲುಬದಲಾಗಿರಬಹುದು. ಹುಟ್ಟಿದ ಕೂಡಲೇ ಚಿಕಿತ್ಸೆ ಬೇಕಾಗುವ ದೋಷ ಅದು. ಮಗು ಮಗ್ಗುಲಾಗಿ ಮಲಗಿ ಏನೂ ಕಾಣದಿದ್ದರೆ ಸ್ವಲ್ಪ ಓಡಾಡಿ ಬನ್ನಿ ಅನ್ನುತ್ತಾರೆ, ಅಥವಾ ಇನ್ನೊಂದು ದಿನ ಕರೆಯುತ್ತಾರೆ. ಅದಕ್ಕೆ ಹೆದರಬೇಡಿ. "ಕಾಣಲಿಲ್ಲ" ಅಂದರೆ "ಸರಿ ಇಲ್ಲ" ಅಂತಲ್ಲ. ಆದರೆ ಮತ್ತೆ ಹೋಗುವುದನ್ನು ತಪ್ಪಿಸಬೇಡಿ.

ಫೀಟಲ್ ಎಕೋ ಅನ್ನುವುದು ಹೃದಯವನ್ನೇ ಗುರಿ ಇಟ್ಟು ಮಾಡುವ ದೊಡ್ಡ ಸ್ಕ್ಯಾನ್. 18ರಿಂದ 24ನೇ ವಾರದಲ್ಲಿ ಮಾಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡುವುದೇ, ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೆ. ಎಚ್‌ಐವಿ ಇರುವ ಎಲ್ಲರಿಗೂ ಇದು ಬೇಕಿಲ್ಲ. ಅನಾಮಲಿ ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಬೇಕು. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ, ನಿಮಗೋ ಗಂಡನಿಗೋ ಹಿಂದಿನ ಮಗುವಿಗೋ ಹುಟ್ಟು ಹೃದಯದೋಷ ಇದ್ದರೆ, ಮೇಲೆ ಹೇಳಿದ ವಾಲ್ಪ್ರೊಯೇಟ್, ಲಿಥಿಯಂನಂಥ ಔಷಧ ಮೊದಲ ವಾರಗಳಲ್ಲಿ ತೆಗೆದುಕೊಂಡಿದ್ದರೆ ಬೇಕು. ಮೊದಲ ಮೂರು ತಿಂಗಳು ಜಿಡೋವುಡಿನ್‌ನಲ್ಲಿದ್ದವರಿಗೆ ನಾನು ಹೇಳುವುದು: ಎಕೋ ಬೇಕಾ ಅಂತ ಬಾಯಿಬಿಟ್ಟು ಕೇಳಿ.

ಒಂದು ನೋವಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಬಸಿರಿನಲ್ಲಿ ಒಂದು ಕಡೆ ನನ್ನ ಫೈಲ್ ನೋಡಿದ ಮೇಲೆ ನನ್ನನ್ನು ಎಲ್ಲರಿಗಿಂತ ಕೊನೆಗೆ ಕೂರಿಸಿದರು. ಬೆಳಿಗ್ಗೆ ಹೋದವಳು ಮಧ್ಯಾಹ್ನ ದಾಟಿ ಒಳಗೆ ಹೋದೆ. ಇದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ. ಸ್ಕ್ಯಾನ್ ಚರ್ಮದ ಮೇಲೆ ನಡೆಯುತ್ತದೆ, ರಕ್ತದ ಸಂಪರ್ಕವೇ ಇಲ್ಲ. ನಿಮಗೆ ಹೀಗಾದರೆ ಎದ್ದು ಮನೆಗೆ ಬರಬೇಡಿ. ಮಗುವಿನ ಹೃದಯ ನೋಡಿಸಿಕೊಂಡೇ ಬನ್ನಿ. ಆಮೇಲೆ ನಿಮ್ಮ ಕೌನ್ಸಿಲರಿಗೆ ಹೇಳಿ. ಅದನ್ನು ಕೇಳುವುದು ನಮ್ಮ ಕೆಲಸ.

ದೋಷ ಕಂಡರೆ ಕ್ರೋಮೋಸೋಮ್ ಪರೀಕ್ಷೆಗೆ ಸೂಜಿಯಿಂದ ಗರ್ಭದ ನೀರು ತೆಗೆಯೋಣ ಅನ್ನಬಹುದು. ಸೂಜಿ ಹಾಕುವ ಮೊದಲು ವೈರಲ್ ಲೋಡ್ ಕೆಳಗಿದೆ ಅಂತ ಖಚಿತ ಮಾಡಿಕೊಳ್ಳಬೇಕು. ತಾಯಿಯ ರಕ್ತದಿಂದಲೇ ಮಾಡುವ ಟೆಸ್ಟ್ ಸಾಕಾಗುತ್ತದಾ ಅಂತಲೂ ಕೇಳಿ. ಮಕ್ಕಳ ಹೃದಯ ತಜ್ಞರಿರುವ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಏರ್ಪಾಡು ಮೊದಲೇ ಆಗಬೇಕು.

ಬಡಿತ ಮತ್ತು ಅಲುಗಾಟ

9ನೇ ವಾರದ ಹೊತ್ತಿಗೆ ಮಗುವಿನ ಹೃದಯ ನಿಮಿಷಕ್ಕೆ 170ರ ಆಸುಪಾಸು ಬಡಿಯುತ್ತದೆ. ಆಮೇಲೆ ನಿಧಾನವಾಗಿ 110ರಿಂದ 160ರ ನಡುವೆ ಬಂದು ನಿಲ್ಲುತ್ತದೆ. ನಡುನಡುವೆ ಒಂದೊಂದು ಬಡಿತ ತಪ್ಪಿದಂತೆ ಕೇಳುವುದು ತುಂಬಾ ಮಕ್ಕಳಲ್ಲಿ ಇದೆ, ಹೆಚ್ಚಾಗಿ ತಾನೇ ಹೋಗುತ್ತದೆ. ಬಿಡದೆ 180ಕ್ಕಿಂತ ಮೇಲೆ ಅಥವಾ 110ಕ್ಕಿಂತ ಕೆಳಗೆ ಇದ್ದರೆ ಮಾತ್ರ ಬೇಗ ನೋಡಬೇಕು.

ಮನೆಯಲ್ಲಿ ಕೇಳುವ ಡಾಪ್ಲರ್ ಯಂತ್ರ ಕೊಳ್ಳಬೇಡಿ. ನಿಮ್ಮದೇ ನಾಡಿಯ ಸದ್ದನ್ನು ಮಗುವಿನದು ಅಂತ ನಂಬಿ ಸಮಾಧಾನ ಮಾಡಿಕೊಳ್ಳುವ ಅಪಾಯ ಇದೆ. ಮಗುವಿನ ಅಲುಗಾಟವನ್ನು ನಂಬಿ. 28ನೇ ವಾರದ ನಂತರ ಅದು ದಿನದಂತೆ ಇಲ್ಲ, ಕಡಿಮೆಯಾಗಿದೆ ಅನ್ನಿಸಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ, ನಾಳೆ ನೋಡೋಣ ಅನ್ನಬೇಡಿ.

24ರಿಂದ 28ನೇ ವಾರದಲ್ಲಿ ಸಕ್ಕರೆ ಟೆಸ್ಟ್ ಮಾಡಿಸಿ. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆಯೂ ಹತೋಟಿ ತಪ್ಪಿದರೆ ಮಗುವಿನ ಹೃದಯದ ಗೋಡೆ ದಪ್ಪವಾಗುತ್ತದೆ. ಹೆರಿಗೆ ಹೇಗೆ ಅಂತ ತೀರ್ಮಾನಿಸಲು 34ರಿಂದ 36ನೇ ವಾರದ ವೈರಲ್ ಲೋಡ್ ಬೇಕು, ಅದನ್ನೂ ತಪ್ಪಿಸಬೇಡಿ.

ಮಗು ಹುಟ್ಟಿದ ಮೇಲೆ

24 ಗಂಟೆ ಕಳೆದ ಮೇಲೆ ಮಗುವಿನ ಬಲಗೈಗೆ, ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ಆಮ್ಲಜನಕ ನೋಡುವಂತೆ ಕೇಳಿ. 95 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ಅಂತರ ಇರಬಾರದು. ಎರಡು ನಿಮಿಷದ ಕೆಲಸ. ಸ್ಕ್ಯಾನಿನಲ್ಲಿ ತಪ್ಪಿಹೋದ ದೊಡ್ಡ ದೋಷ ಎಷ್ಟೋ ಸಲ ಇಲ್ಲಿ ಸಿಕ್ಕಿಬೀಳುತ್ತದೆ.

ಮನೆಗೆ ಹೋದ ಮೇಲೆ ಹಾಲು ಕುಡಿಯುವಾಗ ಮಗುವನ್ನು ನೋಡಿ. ಕುಡಿಯುತ್ತಾ ಹಣೆ ಬೆವರುವುದು, ಸ್ವಲ್ಪ ಕುಡಿದು ಸುಸ್ತಾಗಿ ಬಿಡುವುದು, ತೂಕ ಏರದಿರುವುದು, ಮಲಗಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು. ಇವು ಕಂಡರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ತುಟಿ, ನಾಲಿಗೆ ನೀಲಿಯಾದರೆ ಕೂಡಲೇ ಆಸ್ಪತ್ರೆ. ನೀವು ಬಸಿರಿನಲ್ಲಿ ತೆಗೆದುಕೊಂಡ ಮಾತ್ರೆಯ ಹೆಸರು ಆ ಡಾಕ್ಟರಿಗೂ ಗೊತ್ತಿರಬೇಕು, ನೋಟ್‌ಬುಕ್ ಜೊತೆಗಿರಲಿ.

ಮಗುವಿಗೆ ಕೊಡುವ ಎಚ್‌ಐವಿ ಸಿರಪ್ ಡಾಕ್ಟರು ಹೇಳಿದಷ್ಟು ದಿನ ಬಿಡದೆ ಹಾಕಿ. ಎಚ್‌ಐವಿ ಟೆಸ್ಟಿಗೆ 4ರಿಂದ 6ನೇ ವಾರದಲ್ಲಿ ಕರೆದಾಗ ಹೋಗಿ. ನನ್ನ ಮಗನನ್ನು ಆ ಟೆಸ್ಟಿಗೆ ಕರೆದುಕೊಂಡು ಹೋದ ದಿನ, 2011ರಲ್ಲಿ ನನ್ನ ಮಾತ್ರೆ ಎಣಿಸಿದ್ದ ಮೇಡಂ ಅಲ್ಲೇ ಇದ್ದರು. ಮಗುವನ್ನು ಎತ್ತಿಕೊಂಡು, ನನ್ನ ಡಬ್ಬಿಯನ್ನೂ ಬಗ್ಗಿಸಿ ಎಣಿಸಿದರು. ಲೆಕ್ಕ ಸರಿ ಇತ್ತು.